ಆ ಸಿನಿಮಾದ ಅತ್ತೆ ನಾನಲ್ಲ

ಸಿಟ್ಟಿನಲ್ಲಿರುವಾಗ ಬರೆಯಬೇಡಿ ಎಂದು ಬರವಣಿಗೆ ಬಲ್ಲವರು ಬುದ್ಧಿ ಹೇಳುತ್ತಾರೆ. ಸಿಟ್ಟು ಇಳಿದ ಮೇಲೆ ಬರೆಯುವುದಕ್ಕೆ ಏನು ಉಳಿದಿರುತ್ತದೆ ಎಂದು ಅವರನ್ನು ಯಾರೂ ತಿರುಗಿ ಕೇಳಿದಂತಿಲ್ಲ. ನಾನಂತೂ ಇದನ್ನು ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ. ಈ ಬೇಸಿಗೆಯಿಡೀ ಸಿಟ್ಟಿನಲ್ಲಿಯೇ ಎದ್ದಿದ್ದೇನೆ, ಸಿಟ್ಟಿನಲ್ಲಿಯೇ ಒಗ್ಗರಣೆ ಹಾಕಿದ್ದೇನೆ, ಸಿಟ್ಟಿನಲ್ಲಿಯೇ ಉತ್ತರ ಪತ್ರಿಕೆಗಳನ್ನು ತಿದ್ದಿದ್ದೇನೆ. ಪತ್ರಿಕೆಗಳ ವಿಷಯದಲ್ಲಿ ಯಾರಿಗಾದರೂ ನಷ್ಟವಾಗಿರಬಹುದು, ಅವರಲ್ಲಿ ಕ್ಷಮೆ ಕೇಳುತ್ತೇನೆ. ಒಗ್ಗರಣೆ ಮಾತ್ರ ಎಂದಿಗಿಂತ ಚೆನ್ನಾಗಿದೆ ಎಂದು ನಮ್ಮ ಯಜಮಾನರು ಹೇಳಿದರು. ಅದಕ್ಕೂ ಸಿಟ್ಟು ಬಂತು.

ಹಾಗೆ ನೋಡಿದರೆ ನಾನು ಹುಟ್ಟು ಸಿಟ್ಟಿನವಳಲ್ಲ, ಅನುಮಾನದವಳು. ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡೆ ಎನ್ನುವವರನ್ನು ಮೊದಲು ಸಂಶಯದಿಂದ ನೋಡಿ, ಆ ಕಣ್ಣಾರೆ ಕಂಡವರು ನೀವೇ ಆಗಿದ್ದರೆ ಇನ್ನೂ ಹೆಚ್ಚು ಸಂಶಯದಿಂದ ನೋಡಿ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತೇನೆ. ಹೇಳುವುದಷ್ಟೇ ಅಲ್ಲ, ಪಾಲಿಸುತ್ತೇನೆ. ಓದುವ ಕಾಲದಿಂದ ದಿನಚರಿ ಬರೆಯುವ ಅಭ್ಯಾಸವಿದೆ. ಅದರಲ್ಲಿ ಅತಿ ಹೆಚ್ಚು ಬಳಕೆಯಾಗಿರುವ ಪದ ‘ಬಹುಶಃ’. ‘ಬೆಳಿಗ್ಗೆ ತಿಂಡಿಗೆ ಉಪ್ಪಿಟ್ಟು, ಬಹುಶಃ’ ಎಂದು ಬರೆದಿದ್ದನ್ನು ಒಮ್ಮೆ ಯಜಮಾನರು ನೋಡಿಬಿಟ್ಟು ನೊಂದುಕೊಂಡಿದ್ದರು. ಆ ಉಪ್ಪಿಟ್ಟನ್ನು ಮಾಡಿದ್ದು ಅವರು.

ಈ ಅನುಮಾನದಿಂದಾಗಿ ನನ್ನ ಬಾಯಿಗೆ ಒಂದು ಮಾತು ಅಂಟಿಕೊಂಡಿದೆ. ಹಾಲಿನವನು ನಿನ್ನೆ ಹಾಲು ಹಾಕಿದ್ದೆ ಎಂದರೆ, ಯಜಮಾನರು ಗೇಟಿಗೆ ಬೀಗ ಹಾಕಿದೆ ಎಂದರೆ, ಹುಡುಗರು ಅಸೈನ್‌ಮೆಂಟ್ ಕೊಟ್ಟಿದ್ದೆವು ಎಂದರೆ, ನಾನು ಕೇಳುವುದು ಒಂದೇ ಪ್ರಶ್ನೆ: “ಸರಿಯಾಗಿ ನೆನಪಿದ್ಯಾ?” ನಿಂದಿಸುವುದಕ್ಕಲ್ಲ. ನಿಜವಾಗಿಯೂ ತಿಳಿದುಕೊಳ್ಳುವುದಕ್ಕೆ. ಎಷ್ಟೋ ಸಲ ಕನ್ನಡಿ ಮುಂದೆ ನಿಂತು ನನ್ನನ್ನೇ ಕೇಳಿಕೊಂಡಿದ್ದೇನೆ. ಇಂಥ ನಿರಪರಾಧಿ ಮಾತು, ನಾಲ್ಕು ಜನ ಜಡೆಬಿಟ್ಟ ಹುಡುಗರ ಗಿಟಾರು, ಡ್ರಮ್ಮುಗಳ ನಡುವೆ ಸಿಕ್ಕಿ, ಜಿಲ್ಲೆಯ ಹದಿಹರೆಯದವರೆಲ್ಲ ಅರಚುವ ಹಾಡಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ವಿಷಯಕ್ಕೆ ಬರುತ್ತೇನೆ. ನನಗೆ ಒಬ್ಬ ಅಣ್ಣ, ರಾಜಣ್ಣ. ತುಮಕೂರಿನ ಹತ್ತಿರದ ಕೋರದಿಂದ ಒಳಗೆ, ನಮ್ಮ ಊರಿನಲ್ಲಿ ತೋಟ ನೋಡಿಕೊಂಡಿದ್ದಾನೆ. ಅವನಿಗೆ ನಾವು ಮೂವರು ತಂಗಿಯರು: ದೊಡ್ಡವಳು ಗೌರಕ್ಕ ಗುಬ್ಬಿಯಲ್ಲಿ, ನಾನು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಚಿಕ್ಕವಳು ಮಂಗಳ ಕುಣಿಗಲ್ಲಿನಲ್ಲಿ. ಅಣ್ಣನಿಗೆ ಒಬ್ಬಳೇ ಮಗಳು ಸಿಂಚನ. ಊರಿನಲ್ಲಿ ಒಳ್ಳೆಯ ಶಾಲೆಯಿಲ್ಲ ಎಂದು ಆ ಮಗು ಬೆಳೆದದ್ದೆಲ್ಲ ನಮ್ಮ ಮೂವರ ಮನೆಗಳಲ್ಲಿ. ಪ್ರೈಮರಿ ಗುಬ್ಬಿಯಲ್ಲಿ, ಹೈಸ್ಕೂಲು ಊರಿನಿಂದ ಬಸ್ಸಿನಲ್ಲಿ ಓಡಾಡಿಕೊಂಡು, ಆದರೆ ರಜೆ ಬಂತೆಂದರೆ ಮಾರನೆಯ ದಿನವೇ ಕುಣಿಗಲ್ಲಿಗೆ. ಪಿಯುಸಿ ನಮ್ಮ ಮನೆಯಲ್ಲಿ. ನಮಗೆ ಮಕ್ಕಳಿಲ್ಲ. ಆ ಎರಡು ವರ್ಷ ನಮ್ಮ ಮನೆ ಮನೆಯಂತಿತ್ತು ಎಂದಷ್ಟೇ ಹೇಳುತ್ತೇನೆ. ಹೆಚ್ಚು ಹೇಳಿದರೆ ಸಿಟ್ಟಿನ ಕಾವು ತಪ್ಪುತ್ತದೆ. ಎಂಥ ಮಗು ಅಂತೀರಿ! ಹೈಸ್ಕೂಲಿನಲ್ಲಿದ್ದಾಗ ಹುಟ್ಟುಹಬ್ಬಕ್ಕೆ ನಾನೊಂದು ನುಡಿಸುವ ಕೀಬೋರ್ಡ್ ಕೊಡಿಸಿದ್ದೆ. ಊರಿನ ಚೇರ್ಮನ್ನರ ಮಗ ಅದನ್ನು ನೋಡಿ ಆಸೆಪಟ್ಟನೆಂದು, ಹಸಿರು ಫ್ರಾಕು ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ ನಮ್ಮ ಸಿಂಚು ನಗುನಗುತ್ತಾ ಎತ್ತಿ ಕೊಟ್ಟುಬಿಟ್ಟಳು. ಆ ನಗು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಂಥ ಮಗುವೇ ಬೆಳೆದು ನನ್ನ ಮೇಲೆ ಸಿನಿಮಾ ಬರೆಯಿತು.

ಸಿನಿಮಾದ ಹೆಸರು ‘ಒಳಚಿಲಕ’. ಸಣ್ಣ ಸಿನಿಮಾ, ನಮ್ಮ ಸುತ್ತಮುತ್ತಲೇ ತೆಗೆದದ್ದು. ಕಥೆ ಮತ್ತು ಹಾಡು ಸಿಂಚನಳದು, ಸಂಗೀತ ಅವಳದೇ ರಾಕ್ ಬ್ಯಾಂಡಿನದು. ಬ್ಯಾಂಡಿನ ಹೆಸರು ‘ಕರಟ’. ಹದಿನಾರರ ಒಬ್ಬಳು ಹುಡುಗಿ ಓದುವುದಕ್ಕೆಂದು ಅತ್ತೆಯ ಮನೆಗೆ ಬರುತ್ತಾಳೆ. ಇಟ್ಟ ವಸ್ತು ಇಟ್ಟಲ್ಲಿರುವುದಿಲ್ಲ. ಬೀಗ ಹಾಕಿದ ಬಾಗಿಲು ತೆರೆದಿರುತ್ತದೆ. ಹಾಲ್ ಟಿಕೆಟ್ ಮಾಯವಾಗಿ ಅಕ್ಕಿ ಡಬ್ಬದಲ್ಲಿ ಸಿಗುತ್ತದೆ. ಹುಡುಗಿ ಕೇಳಿದಾಗಲೆಲ್ಲ ಅತ್ತೆ ನಯವಾಗಿ ನಕ್ಕು, ಅಟ್ಟದಿಂದ ಇಳಿಸಿದ ಒಂದು ತೆಂಗಿನಕಾಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಲೊಡಲೊಡ ಅಲ್ಲಾಡಿಸಿ, “ಸರ್ಯಾಗ್ ನೆನಪಿದ್ಯಾ?” ಎನ್ನುತ್ತಾಳೆ. ಹುಡುಗಿಗೆ ತನ್ನ ತಲೆಯ ಮೇಲೇ ನಂಬಿಕೆ ಹೋಗಿಬಿಡುತ್ತದೆ. ವಸ್ತುಗಳನ್ನೆಲ್ಲ ಸರಿಸುತ್ತಿದ್ದವಳು ಅತ್ತೆಯೇ ಎಂದು ಕೊನೆಗೆ ಗೊತ್ತಾಗುತ್ತದೆ. ಹುಡುಗಿ ಕೋಣೆಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ, ಆ ಚಿಲಕದ ಸದ್ದಿಗೆ ಸರಿಯಾಗಿ ಹಾಡು ಸಿಡಿಯುತ್ತದೆ.

ಕೊಬ್ಬರಿಯ ಸೀಮೆಯವರಲ್ಲದವರಿಗೆ ಒಂದು ಮಾತು ಹೇಳಬೇಕು. ನಾವು ಬಲಿತ ಕಾಯಿಗಳನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಒಣಗಲು ಬಿಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಉಂಡೆಯಾಗಿ ಕರಟ ಬಿಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬೇಕು. ಅಣ್ಣ ಪ್ರತಿ ವರ್ಷ ತೋಟದ ಪಾಲೆಂದು ಮೂರೂ ತಂಗಿಯರಿಗೆ ಕಾಯಿ ಕಳಿಸುತ್ತಾನೆ. ನನ್ನ ಶೆಟ್ಟಿಹಳ್ಳಿಯ ಮನೆಗೆ ಅಟ್ಟವಿಲ್ಲ, ಸಜ್ಜೆಯ ಮೇಲೆ ಪೇರಿಸಿಡುತ್ತೇನೆ. ಆಗಾಗ ಒಂದನ್ನು ಇಳಿಸಿ ಅಲ್ಲಾಡಿಸುತ್ತೇನೆ. ಅಲ್ಲಾಡಿಸುವಾಗ ಕಣ್ಣು ಮುಚ್ಚುತ್ತೇನೆ. ಆದ್ದರಿಂದ ಥಿಯೇಟರಿನ ಕತ್ತಲಲ್ಲಿ ಪರದೆಯ ಮೇಲೆ ಆ ಹೆಂಗಸು ಕಾಯಿ ಎತ್ತಿಕೊಂಡು ಕಣ್ಣು ಮುಚ್ಚಿದಾಗ ನನ್ನ ಕೈಯಲ್ಲಿದ್ದ ಪಾಪ್‌ಕಾರ್ನ್ ಯಜಮಾನರ ಮಡಿಲಿಗೆ ಬಿತ್ತು. ಅವರು ತಿನ್ನುತ್ತಾ, ಥೇಟ್ ನೀನೇ ಎಂದರು. ಅವರ ದನಿಯಲ್ಲಿ ಹೆಮ್ಮೆಯಿತ್ತು.

ರಾಕ್ ಸಂಗೀತದ ಬಗ್ಗೆ ನನಗೆ ತಕರಾರಿಲ್ಲ. ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯವಳು ಪರೀಕ್ಷೆಯ ಕಾಲದಲ್ಲೆಲ್ಲ ಅದನ್ನೇ ಹಾಕಿಕೊಂಡಿರುತ್ತಿದ್ದಳು. ಈಗಲೂ ಗಿಟಾರ್ ಕೇಳಿದರೆ ನನಗೆ ಮಧ್ಯಯುಗದ ಕಂದಾಯ ಪದ್ಧತಿ ನೆನಪಾಗುತ್ತದೆ, ಅಷ್ಟೇ. ನನ್ನ ತಕರಾರು ಹಾಡಿನ ಮಾತಿನ ಬಗ್ಗೆ. ಮೊದಲು ಒಂದು ಕಾಯಿ ಲೊಡಲೊಡ ಎನ್ನುತ್ತದೆ, ನಂತರ ಹತ್ತಾರು ಕಾಯಿ, ಆಮೇಲೆ ಡ್ರಮ್ಮು, ಆಮೇಲೆ ನಮ್ಮ ಸಿಂಚು ಗಂಟಲು ಹರಿಯುವಂತೆ ಕೂಗುತ್ತಾಳೆ: ಸರ್ಯಾಗ್ ನೆನಪಿದ್ಯಾ, ಸರ್ಯಾಗ್ ನೆನಪಿದ್ಯಾ. ಆ ಹಾಡು ಮೊದಲು ಫೋನುಗಳಿಗೆ ಹತ್ತಿತು, ಆಮೇಲೆ ಆಟೋಗಳಿಗೆ, ಆಮೇಲೆ ಊರಿಗೇ ಹತ್ತಿತು. ಶೆಟ್ಟಿಹಳ್ಳಿಯಿಂದ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಬಂದು ಫ್ರೀ ಟಿಕೆಟ್ ತಗೊಂಡ್ರಾ ಮೇಡಂ ಎಂದು ಕೇಳಿದ. ತಗೊಂಡೆ ಎಂದೆ. “ಸರ್ಯಾಗ್ ನೆನಪಿದ್ಯಾ?” ಎಂದ. ಹಿಂದಿನ ಸೀಟಿನ ಕಾಲೇಜು ಹುಡುಗರು ಬಾಯಲ್ಲೇ ಲೊಡಲೊಡ ಎಂದರು. ತರಗತಿಯಲ್ಲಂತೂ ಕೇಳಲೇಬೇಡಿ. ಹೋದ ವಾರ ಎಲ್ಲಿಗೆ ನಿಲ್ಲಿಸಿದ್ದೆ, ನೆನಪಿದೆಯಾ ಎಂದು ಅಭ್ಯಾಸಬಲದಿಂದ ಕೇಳಿದರೆ ಬೆಂಚುಗಳೆಲ್ಲ ಡ್ರಮ್ಮಾದವು. ಪ್ರಿನ್ಸಿಪಾಲರು ನನ್ನನ್ನು ಕರೆದು, ಯುವಜನರೊಂದಿಗೆ ನಿಮಗೆ ಒಳ್ಳೆಯ ಸಂಪರ್ಕವಿದೆ ಎಂದು ಅಭಿನಂದಿಸಿದರು. ಮನೆಗೆ ಬಂದರೆ ಯಜಮಾನರ ಫೋನಿಗೆ ಅದೇ ರಿಂಗ್‌ಟೋನ್. ತೆಗೆಯಿರಿ ಎಂದೆ. ತೆಗೆಯಲು ಬರುವುದಿಲ್ಲ ಎಂದರು. ಹಾಕಲು ಹೇಗೆ ಬಂತೋ.

ಇದೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ನುಂಗಲಾರದ್ದು ಒಂದೇ ಒಂದು. ಆ ಮಗು ನಮ್ಮ ಮನೆಯಲ್ಲಿ ಸುಖವಾಗಿತ್ತು ಎಂದು ನಾನು ನಂಬಿಕೊಂಡಿದ್ದೆ. ನನ್ನ ನೆನಪುಗಳಲ್ಲಿ ‘ಬಹುಶಃ’ ಹಾಕದೆ ಇಟ್ಟುಕೊಂಡದ್ದು ಆ ಎರಡು ವರ್ಷವನ್ನು ಮಾತ್ರ. ಸಾಯಂಕಾಲ ಅವಳು ಕಾಲೇಜಿನಿಂದ ಬಂದು ಬ್ಯಾಗನ್ನು ಸೋಫಾದ ಮೇಲೆ ಎಸೆಯುತ್ತಿದ್ದ ಸದ್ದು, ನಾನು ಬೈಯುತ್ತಿದ್ದುದು, ಅವಳು ತಟ್ಟೆ ಇಡ್ಲಿ ತರೋಣ ಬನ್ನಿ ಅತ್ತೆ ಎಂದು ನನ್ನನ್ನೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದುದು. ಅದೆಲ್ಲ ಅವಳಿಗೆ ಭಯಾನಕ ಸಿನಿಮಾ ಆಗಿತ್ತೇ? ಈ ಪ್ರಶ್ನೆಯನ್ನು ಫೋನಿನಲ್ಲಿ ಕೇಳಲಾಗಲಿಲ್ಲ. ಅವಳ ಫೋನನ್ನೇ ತೆಗೆಯುವುದನ್ನು ಬಿಟ್ಟೆ. ಬದಲಿಗೆ ಸಾಕ್ಷಿ ಸಂಗ್ರಹಕ್ಕೆ ಹೊರಟೆ. ನಾನು ಅಂಥವಳಲ್ಲ ಎಂದು ಹೇಳಲು ಇಬ್ಬರಾದರೂ ಬೇಕಲ್ಲ.

ಮೊದಲು ಗುಬ್ಬಿಗೆ ಹೋದೆ. ನಾಟಕ ನಮ್ಮ ರಕ್ತದಲ್ಲಿದೆ ಎಂದು ಗುಬ್ಬಿಯವರು ಹೇಳಿಕೊಳ್ಳುತ್ತಾರೆ. ಗೌರಕ್ಕ ಅಲ್ಲಿಗೆ ಸೊಸೆಯಾಗಿ ಹೋದವಳು, ಆದರೂ ರಕ್ತ ಬದಲಾಯಿಸಿಕೊಂಡಿದ್ದಾಳೆ. ನಾನು ಹೋದಾಗ ನಡುಮನೆಯಲ್ಲಿ ಅಕ್ಕಪಕ್ಕದ ಹೆಂಗಸರ ಜೊತೆ ನಿಂತು ಸೆಲ್ಫಿ ತೆಗೆಸಿಕೊಳ್ಳುತ್ತಿದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಕೊಬ್ಬರಿಕಾಯಿ. ಸಿನಿಮಾ ನೋಡಿ ನನಗಾದ ನೋವನ್ನು ಹೇಳಿಕೊಳ್ಳುವಷ್ಟರಲ್ಲಿ ಅವಳೇ ಶುರುಮಾಡಿದಳು: ಆ ಪಾತ್ರ ತನ್ನದೇ, ಸಿಂಚು ನಾಲ್ಕನೇ ಕ್ಲಾಸಿನಲ್ಲಿದ್ದಾಗಲೇ ತನ್ನನ್ನು ಗಮನಿಸಿಟ್ಟುಕೊಂಡಿದ್ದಾಳೆ, ಗುಬ್ಬಿಯಲ್ಲಿ ಈಗ ಎಲ್ಲರೂ ತನ್ನನ್ನು ಸಿನಿಮಾ ಅತ್ತೆ ಎಂದೇ ಕರೆಯುವುದು. ಅವಳು ಕೆಟ್ಟ ಹೆಂಗಸು ಅಕ್ಕ, ಹುಡುಗೀನ ಹುಚ್ಚಿ ಮಾಡ್ತಾಳೆ ಎಂದು ನೆನಪಿಸಿದೆ. ವಿಲನ್ ಇಲ್ಲದಿದ್ದರೆ ಸಿನಿಮಾ ಎಲ್ಲಿಯದು ಎಂದಳು. ಆ ಅತ್ತೆ ನಾನು ಎಂದು ನಾನು ಹೇಳಿದ್ದೇ ತಡ, ಅವಳ ಮುಖ ಕೆಂಪಾಯಿತು.

“ಏನೇ ಸುಧಾ, ಹೊಟ್ಟೆಕಿಚ್ಚಾ? ಆಯಮ್ಮ ಸೊಂಟದ್ಮೇಲೆ ಕೈ ಇಟ್ಕೊಂಡ್ ನಡಿಯೋದ್ ನೋಡಿದ್ಯಾ? ನಿಂಗೆ ಸೊಂಟ ಎಲ್ಲೈತೆ?”

ಸೆಲ್ಫಿಗೆ ಬಂದ ಹೆಂಗಸರು ನನ್ನ ಸೊಂಟವನ್ನು ಹುಡುಕಿದರು. ಕಾಫಿ ಕುಡಿಯದೆ ಎದ್ದು ಬಂದೆ.

ಕುಣಿಗಲ್ಲಿನ ಪರಿಸ್ಥಿತಿ ಬೇರೆ ಥರ. ಮಂಗಳ ಹಗಲಿನಲ್ಲೇ ಕಿಟಕಿ ಹಾಕಿಕೊಂಡು ಕೂತಿದ್ದಳು. ಸಿನಿಮಾ ಬಿದ್ದುಹೋಗಲಿ ಎಂದು ಯಡಿಯೂರಿಗೆ ಹೋಗಿ ಹರಕೆ ಹೊತ್ತು ಬಂದಿದ್ದಳಂತೆ. ಆ ವಾರವೇ ಕುಣಿಗಲ್ಲಿನಲ್ಲಿ ಇನ್ನೊಂದು ಆಟ ಹೆಚ್ಚಿಗೆ ಹಾಕಿದರು. ನನ್ನನ್ನು ಕಂಡೊಡನೆ ಅವಳ ಕಣ್ಣು ತುಂಬಿತು, ನನಗೂ ತುಂಬಿತು. ಅಂತೂ ನನ್ನ ದುಃಖ ಅರ್ಥವಾಗುವ ಒಬ್ಬಳಾದರೂ ಸಿಕ್ಕಳು ಎಂದುಕೊಂಡು ಅವಳ ಕೈ ಹಿಡಿದುಕೊಂಡೆ. ಅವಳು ಮೂಗೊರೆಸಿಕೊಂಡು ಹೇಳಿದಳು: “ಆಯಮ್ಮ ತೊಳೆದ ಲೋಟನೇ ಮತ್ತೆ ತೊಳೀತಾಳಲ್ಲ, ಅದು ನಾನು ಕಣೇ ಅಕ್ಕ. ಬೀದಿಗೆಲ್ಲ ಗೊತ್ತಾಗೋಯ್ತು. ಪಕ್ಕದ್ಮನೆ ಮಕ್ಳು ಮಜ್ಜಿಗೆ ಕೇಳಕ್ಕೂ ಬರ್ತಿಲ್ಲ.” ನಾನು ಕೈ ಬಿಟ್ಟೆ. ಲೋಟ ತೊಳೆಯುವುದು ಸಣ್ಣ ವಿಷಯ, ಮುಖ್ಯವಾದದ್ದು ಆ ಮಾತು, ಆ ಮಾತು ನನ್ನದು ಎಂದು ವಿವರಿಸಿದೆ. ಮಂಗಳ ಅಳು ನಿಲ್ಲಿಸಿ, ಚಿಕ್ಕಂದಿನಿಂದ ನಿನ್ನದು ಇದೇ ಆಯಿತು, ಹೊಸ ಲಂಗದಲ್ಲೂ ನಿನಗೇ ಮೊದಲು, ಈಗ ಅವಮಾನದಲ್ಲೂ ನಿನಗೇ ಮೊದಲಾ ಎಂದು ಕೇಳಿದಳು. ಹೊಸ ಲಂಗ ಮೊದಲು ನನಗೆ ಬರುತ್ತಿತ್ತೆಂದು ನನಗೆ ನೆನಪಿಲ್ಲ. ಗೌರಕ್ಕನ ಹಳೆಯದು ಬರುತ್ತಿತ್ತು ಎಂದು ನೆನಪು. ಬಹುಶಃ.

ಆಮೇಲಿನ ಕೆಲವು ದಿನ ನಮ್ಮ ಮೂವರ ಫೋನ್ ಜಗಳ ನಡೆಯಿತು. ಕಾಯಿ ಅಲ್ಲಾಡಿಸುವ ರೀತಿ ತನ್ನದೇ ಎಂದು ಮೂವರೂ ಹೇಳಿದೆವು. ಗೌರಕ್ಕ ಅಲ್ಲಾಡಿಸುವಾಗ ಕಣ್ಣು ಮುಚ್ಚುವುದಿಲ್ಲ ಎಂದು ನಾನು, ಮುಚ್ಚುತ್ತೇನೆ, ನೀನು ನೋಡಿಲ್ಲ ಅಷ್ಟೇ ಎಂದು ಅವಳು. ಅಣ್ಣನಿಗೆ ಫೋನ್ ಮಾಡಿ ಪಂಚಾಯ್ತಿ ಮಾಡಿಸೋಣವೆಂದರೆ ಅವನು ಸಿನಿಮಾವನ್ನೇ ನೋಡಿರಲಿಲ್ಲ. ಅಂಥವೆಲ್ಲ ತನಗೆ ಹಿಡಿಸುವುದಿಲ್ಲ ಎಂದ. ಅತ್ತಿಗೆ ನೋಡಿದರಾ ಎಂದು ಕೇಳಿದೆ. ಅತ್ತಿಗೆಗೆ ಫೋನ್ ಕೊಟ್ಟ. ಅತ್ತಿಗೆ ಎಂದಿನಂತೆ, ನಂಗೊತ್ತಿಲ್ಲಮ್ಮ, ಅವರನ್ನೇ ಕೇಳಿ ಎಂದು ಫೋನನ್ನು ವಾಪಸು ಕೊಟ್ಟರು. ನಮ್ಮ ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಯಾವ ಪ್ರಶ್ನೆಗೂ ಅದೇ ಉತ್ತರ ಕೊಟ್ಟುಕೊಂಡು ಬಂದಿದ್ದಾರೆ. ಎಷ್ಟು ಹೊಂದಿಕೊಂಡು ಹೋಗುವ ಹೆಂಗಸು ಎಂದು ನಾವು ಮೂವರೂ ಮೆಚ್ಚುತ್ತಿದ್ದೆವು. ಕೊನೆಗೆ, ಬರೆದವಳನ್ನೇ ಕೇಳಿಬಿಡೋಣ ಎಂದು ಒಂದು ಭಾನುವಾರ ಬೆಳಿಗ್ಗೆ ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಸೇರಿದೆವು. ಗೌರಕ್ಕ ಗುರುತಿಗೆಂದು ಚೀಲದಲ್ಲಿ ತನ್ನದೇ ಕಾಯಿ ತಂದಿದ್ದಳು. ಒಂದೇ ಆಟೋದಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಕೂತು ಮಂಡಿಪೇಟೆಗೆ ಹೋದೆವು. ಆಟೋದಲ್ಲೂ ಅದೇ ಹಾಡು.

ಬ್ಯಾಂಡಿನವರು ಅಭ್ಯಾಸ ಮಾಡುವುದು ಡ್ರಮ್ ಬಾರಿಸುವ ಇಮ್ರಾನ್‌ನ ತಂದೆಯ ಗೋಣಿಚೀಲದ ಗೋಡೌನಿನಲ್ಲಿ. ಗೋಡೆಯುದ್ದಕ್ಕೂ ಚೀಲದ ಕಟ್ಟುಗಳನ್ನು ಮಾಡಿನವರೆಗೆ ಪೇರಿಸಿರುವುದರಿಂದ ಎಷ್ಟು ಬಡಿದರೂ ಸದ್ದು ಹೊರಗೆ ಹೋಗುವುದಿಲ್ಲ. ಇಮ್ರಾನ್ ನನ್ನ ಹಳೆಯ ವಿದ್ಯಾರ್ಥಿ. ಬಾಗಿಲಲ್ಲಿ ನನ್ನನ್ನು ಕಂಡವನೇ ಬಾರಿಸುವ ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಗಿಟಾರಿನ ಹುಡುಗರು ಎದ್ದು ನಿಂತರು. ಸಿಂಚು ಮೈಕು ಹಿಡಿದು ನಡುವೆ ನಿಂತಿದ್ದಳು. ನಮ್ಮ ಮೂವರನ್ನೂ ಒಟ್ಟಿಗೆ ನೋಡಿ ಹೆದರಿದಳೋ ಸಂತೋಷಪಟ್ಟಳೋ ನನಗೆ ಗೊತ್ತಾಗಲಿಲ್ಲ. ಗೋಣಿಚೀಲದ ಕಟ್ಟುಗಳ ಮೇಲೆ ನಮ್ಮನ್ನು ಕೂರಿಸಿ ಟೀ ತರಿಸಿದಳು. ಯಾರೂ ಕುಡಿಯಲಿಲ್ಲ. ಗೌರಕ್ಕ ನೇರವಾಗಿ ಕೇಳಿದಳು, ನಮ್ಮ ಮೂವರಲ್ಲಿ ಆ ಅತ್ತೆ ಯಾರು ಎಂದು.

“ನೀವ್ ಯಾರೂ ಅಲ್ಲ ಅತ್ತೆ,” ಎಂದಳು ಸಿಂಚು.

ಆ ಮಾತು ಕೇಳಲಿಕ್ಕೆಂದೇ ನಾನು ಊರೂರು ಅಲೆದದ್ದು. ಕೇಳಿ ಹಗುರಾಗಬೇಕಿತ್ತು. ಆದರೆ ನಡೆದದ್ದು ನಡೆದಂತೆ ಹೇಳಬೇಕಾದರೆ, ನಮ್ಮ ಮೂವರಿಗೂ ಒಟ್ಟಿಗೇ ಅವಮಾನವಾಯಿತು. ಅಲ್ಲ ಎಂದರೇನು, ಸೊಂಟದ ಮೇಲೆ ಕೈ ಇಟ್ಟಿರುವುದು ಸುಳ್ಳೇ ಎಂದು ಗೌರಕ್ಕ ರೇಗಿದಳು. ಆ ನಟಿಗೆ ಶೂಟಿಂಗಿನ ಅಷ್ಟೂ ದಿನ ಸೊಂಟನೋವಿತ್ತು ಎಂದಳು ಸಿಂಚು. ಲೋಟ ಎರಡು ಸಲ ತೊಳೆಯುವುದು ಎಂದು ಮಂಗಳ ಕ್ಷೀಣವಾಗಿ ಕೇಳಿದಳು. ಎರಡು ಸಲ ತೆಗೆದಿದ್ದರು, ಎಡಿಟರ್ ಮರೆತು ಎರಡನ್ನೂ ಇಟ್ಟುಬಿಟ್ಟನಂತೆ. ನಾನು ಕಾಯಿ ಅಲ್ಲಾಡಿಸುವುದರ ಬಗ್ಗೆ ಕೇಳಿದೆ. ಕಣ್ಣು ಮುಚ್ಚಿ ಎಂದು ಸೇರಿಸಿದೆ. “ನಮ್ ಕಡೆ ಯಾರ್ ಅತ್ತೆ ಕಣ್ಮುಚ್ಚಿ ಅಲ್ಲಾಡ್ಸಲ್ಲ?” ಎಂದಳು. ನಮ್ಮ ದಾದಿ, ಅಂದ್ರೆ ಅಜ್ಜಿ, ಅವರೂ ಹಾಗೇ ಮಾಡ್ತಾರೆ ಮೇಡಂ ಎಂದು ಇಮ್ರಾನ್ ದನಿಗೂಡಿಸಿದ. ಇಡೀ ಜಿಲ್ಲೆಯ ಹೆಂಗಸರ ಕೈಚಳಕವನ್ನು ನಾವು ಮೂವರು ನಮ್ಮ ಮುಖಕ್ಕೆ ಅಂಟಿಸಿಕೊಂಡು ಬೇಸಿಗೆ ಕಳೆದಿದ್ದೆವು.

ನನಗೆ ಇನ್ನೂ ಒಂದು ಆಸರೆಯಿತ್ತು. ಆ ಮಾತಂತೂ ನನ್ನದೇ ತಾನೇ ಎಂದೆ. ಸಿಂಚು ಮೈಕಿನ ವಯರನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಪಿಯುಸಿಯಲ್ಲಿ ಮಾರ್ಕ್ಸ್‌ಕಾರ್ಡ್ ತೋರಿಸುವ ಮೊದಲೂ ಹೀಗೇ ದುಪಟ್ಟಾ ಸುತ್ತಿಕೊಳ್ಳುತ್ತಿದ್ದಳು.

“ಅದು ಅಪ್ಪಂದು ಅತ್ತೆ. ಗಂಡಸನ್ನ ಇಟ್ಟು ಬರ್ದಿದ್ರೆ ಎಲ್ರೂ ಗುರುತು ಹಿಡೀತಿದ್ರು. ಅದಕ್ಕೇ ಅತ್ತೆ ಮಾಡ್ದೆ.”

ಗೌರಕ್ಕ ಚೀಲದಿಂದ ತೆಗೆದು ಹಿಡಿದಿದ್ದ ಕಾಯಿ ಜಾರಿ ಗೋಣಿಚೀಲದ ಮೇಲೆ ಬಿತ್ತು. ನಮ್ಮಣ್ಣ! ಇವತ್ತಿನವರೆಗೆ ಯಾರ ಮೇಲೂ ದನಿ ಎತ್ತಿದವನಲ್ಲ ಎಂದು ಮೂವರೂ ಒಟ್ಟಿಗೆ ಹೇಳಿದೆವು. ಈ ಒಂದು ವಿಷಯದಲ್ಲಿ ನಮ್ಮೊಳಗೆ ಜಗಳವಿರಲಿಲ್ಲ. ಎತ್ತಬೇಕಾಗಿರಲಿಲ್ಲ ಎಂದಳು ಸಿಂಚು. ಆಮೇಲೆ ನನ್ನ ಕಡೆಗೇ ತಿರುಗಿ ಹೇಳಿದಳು: ನೀವು ಕೊಡಿಸಿದ ಕೀಬೋರ್ಡನ್ನು ನಾನು ಚೇರ್ಮನ್ನರ ಮಗನಿಗೆ ಕೊಡಲಿಲ್ಲ. ಸ್ಕೂಲಿನಿಂದ ಬಂದಾಗ ಅದು ಮನೆಯಲ್ಲಿರಲಿಲ್ಲ. ಅಪ್ಪನಿಗೆ ಬೋರ್‌ವೆಲ್ಲಿನ ಕೆಲಸಕ್ಕೆ ಚೇರ್ಮನ್ನರ ಸಹಿ ಬೇಕಾಗಿತ್ತು. ಎಲ್ಲಿ ಎಂದು ಕೇಳಿದರೆ, ನೀನೇ ನಗ್ತಾ ಕೊಟ್ಯಲ್ಲ ಪುಟ್ಟಿ, ಸರಿಯಾಗಿ ನೆನಪು ಮಾಡ್ಕೊ ಎಂದು ಅಪ್ಪ ತಲೆ ಸವರಿದರು. ಅಮ್ಮನನ್ನು ಕೇಳಿದರೆ, ನಂಗೊತ್ತಿಲ್ಲ, ಅವರನ್ನೇ ಕೇಳು ಎಂದರು. ಕೀಬೋರ್ಡ್ ಒಂದೇ ಅಲ್ಲ, ಎಲ್ಲದರಲ್ಲೂ ಹಾಗೇ.

ಅವಳು ಹೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಜಗಲಿ ಬಂತು, ಹಸಿರು ಫ್ರಾಕು ಬಂತು, ಆ ನಗು ಬಂತು. ಎಲ್ಲ ಎಷ್ಟು ಸ್ಪಷ್ಟವಾಗಿತ್ತೆಂದರೆ, ಬೇಡ ಬೇಡವೆಂದರೂ ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು.

“ಸರಿಯಾಗಿ ನೆನಪಿದ್ಯಾ?” ಎಂದೆ.

ಅಷ್ಟರಲ್ಲಿ ಡ್ರಮ್ ಢಮಾರೆಂದಿತು. ಪಾಪ, ಇಮ್ರಾನ್‌ನ ತಪ್ಪಲ್ಲ. ಆ ಮಾತು ಕೇಳಿದೊಡನೆ ಬಾರಿಸಬೇಕೆಂದು ತಿಂಗಳುಗಟ್ಟಲೆ ಕೈಗೆ ಅಭ್ಯಾಸ ಮಾಡಿಸಿದ್ದ. ಒಂದು ಏಟು ಬಿದ್ದ ಮೇಲೆ ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದುಕೊಂಡು, ಸಾರಿ ಮೇಡಂ ಎಂದ. ತಟ್ಟೆ ಅವನ ಕೈಯೊಳಗೇ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಸುಮ್ಮನಾಯಿತು. ಸಿಂಚು ಅಳಲಿಲ್ಲ, ಸಿಡಿಯಲಿಲ್ಲ. ಇದೆ ಅತ್ತೆ, ನಿಮಗೆ ನೆನಪಿದೆಯಾ ಎಂದು ಕೇಳಿದಳು. ಇದೆ ಎಂದೆ. ಜಗಲಿ, ಫ್ರಾಕು ಎಲ್ಲ ಹೇಳಿದೆ.

“ಆವಾಗ ನೀವು ಎಲ್ಲಿ ಕೂತಿದ್ರಿ?”

ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಕಲಿಸುವ ಪ್ರಶ್ನೆ ಅದು. ಸಾಕ್ಷಿ ಹೇಳುವವನನ್ನು ಮೊದಲು ಕೇಳಬೇಕಾದದ್ದು, ನೀನು ಆಗ ಎಲ್ಲಿದ್ದೆ? ಹುಡುಕಿದೆ. ಜಗಲಿಯಲ್ಲಿ ನಾನಿರಲಿಲ್ಲ. ಕಂಬದ ಹತ್ತಿರ ಇರಲಿಲ್ಲ, ಬಾಗಿಲಲ್ಲಿ ಇರಲಿಲ್ಲ. ನಾನು ತುಮಕೂರಿನ ನನ್ನ ಅಡಿಗೆಮನೆಯಲ್ಲಿ ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಅಣ್ಣ ಹೇಳಿದ್ದನ್ನು ಕೇಳುತ್ತಿದ್ದೆ. ಫ್ರಾಕಿಗೆ ಹಸಿರು ಬಣ್ಣ ಕೊಟ್ಟವಳು ನಾನೇ ಇರಬೇಕು. ಉಪ್ಪಿಟ್ಟಿಗೂ ‘ಬಹುಶಃ’ ಹಾಕಿದವಳು ಇದೊಂದನ್ನು ಹಾಗೇ ನುಂಗಿದ್ದೆ, ಏಕೆಂದರೆ ಹೇಳಿದವನು ಅಣ್ಣ.

ಗೌರಕ್ಕ ಬಿದ್ದ ಕಾಯನ್ನು ಎತ್ತಿ ಚೀಲದೊಳಗೆ ಹಾಕಿದಳು. ಮಂಗಳ ತನ್ನ ಟೀ ಲೋಟವನ್ನು ಸೆರಗಿನಿಂದ ಒರೆಸುತ್ತಿದ್ದಳು. ಹಾಗಾದರೆ ಈ ಮಗು ರಜೆ ಬಂದ ಮಾರನೆಯ ದಿನವೇ ಕುಣಿಗಲ್ಲಿಗೆ ಓಡುತ್ತಿದ್ದುದು ಮಂಗಳನ ಮಜ್ಜಿಗೆಯ ರುಚಿಗಲ್ಲ. ಶಾಲೆ ಎಂಬುದು ನಮಗೆ ಹೇಳಿದ ಕಾರಣ. ನಾನು ಕೇಳಬೇಕೆಂದಿದ್ದ ಪ್ರಶ್ನೆ ಇನ್ನೂ ಉಳಿದಿತ್ತು. ನಮ್ಮ ಮನೇಲಿ ಹೇಗಿದ್ದೆ ನೀನು ಎಂದು ಕೇಳಿದೆ. ಅಂದರೆ ಕೇಳಲು ಹೊರಟೆ, ಅರ್ಧಕ್ಕೇ ಅವಳಿಗೆ ಅರ್ಥವಾಯಿತು.

“ನಿಮ್ಮನೇಲಿ ನನ್ ರೂಮಿಗೆ ಒಳಗಡೆಯಿಂದ ಚಿಲ್ಕ ಇತ್ತು ಅತ್ತೆ. ಹಾಕ್ಕೊಂಡ್ರೆ ಯಾರೂ ಯಾಕೆ ಅಂತ ಕೇಳ್ತಿರ್ಲಿಲ್ಲ. ಇಟ್ಟಿದ್ದು ಇಟ್ಟಲ್ಲೇ ಇರ್ತಿತ್ತು. ನೀವೂ ಅದೇ ಮಾತು ಕೇಳ್ತೀರಿ, ಆದ್ರೆ ಕೇಳ್ಬಿಟ್ಟು ಉತ್ತರಕ್ಕೆ ಕಾಯ್ತೀರಿ. ಅಪ್ಪ ಕಾಯ್ತಿರ್ಲಿಲ್ಲ.”

ಆ ಚಿಲಕ ಯಜಮಾನರು ಹಾಕಿಸಿದ್ದು. ಹುಡುಗಿ ಬರುತ್ತಾಳೆ, ಬಾಗಿಲು ಗಾಳಿಗೆ ಹೊಡೆದುಕೊಳ್ಳುತ್ತದೆ ಎಂದು. ಇನ್ನು ನನ್ನ ಸಿಟ್ಟನ್ನು ಏನು ಮಾಡಲಿ ಹೇಳಿ? ಬೇಸಿಗೆಯಿಡೀ ಸಾಕಿ ಬೆಳೆಸಿದ್ದು, ಇದ್ದಕ್ಕಿದ್ದಂತೆ ವಿಳಾಸವಿಲ್ಲದೆ ನಿಂತಿತು. ಇಳಿಯಲಿಲ್ಲ, ಅದೊಂದು ಸುಳ್ಳನ್ನು ಹೇಳಲಾರೆ. ಕೋರದ ಕಡೆಗೆ, ಅಣ್ಣನಿದ್ದ ದಿಕ್ಕಿಗೆ ತಿರುಗಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಂತೆ ಯಜಮಾನರ ಫೋನು ಲೊಡಲೊಡ ಎಂದು, ಸರ್ಯಾಗ್ ನೆನಪಿದ್ಯಾ ಎಂದು ಕಿರುಚಿತು. ಅಣ್ಣ. ಮೂವರೂ ಸಿಂಚುವನ್ನು ನೋಡಲು ಹೋದ ಸುದ್ದಿ ಗೌರಕ್ಕನಿಂದ ಆಗಲೇ ಮುಟ್ಟಿತ್ತು. ಏನಂದಳು ಎಂದು ನಯವಾಗಿ ವಿಚಾರಿಸಿದ. ನಾನು ಬೇರೇನೂ ಹೇಳದೆ ಕೀಬೋರ್ಡಿನ ವಿಷಯ ಕೇಳಿದೆ. ಅವನು ನಕ್ಕ. ಎಂಥ ಹಿತವಾದ ನಗು ಅದು. ಅದನ್ನು ಕೇಳಿಯೇ ನಾವು ಮೂವರು ಬೆಳೆದದ್ದು.

“ಅವ್ಳೇ ಕೊಟ್ಟಿದ್ದಲ್ವೇನೇ ಸುಧಾ. ನೀನೂ ಅಲ್ಲೇ ಜಗ್ಲಿ ಮೇಲೆ ಕೂತಿದ್ಯಲ್ಲ. ನೆನಪಿಲ್ವಾ?”

ನಿಮಗೆ ಹೇಳಲು ನಾಚಿಕೆಯಾಗುತ್ತದೆ: ಅವನು ಹಾಗೆಂದ ಒಂದು ಕ್ಷಣ ನಾನು ಜಗಲಿಯ ಮೇಲೆ ಕಾಣಿಸಿಕೊಂಡೆ. ಕಂಬಕ್ಕೆ ಒರಗಿ ಕೂತಿದ್ದೆ, ನೀಲಿ ಸೀರೆ. ಅವನು ಇನ್ನೊಂದು ಮಾತು ಆಡಿದ್ದರೆ ಕೈಗೆ ಒಂದು ಲೋಟ ಕಾಫಿಯೂ ಬರುತ್ತಿತ್ತು. ಯಜಮಾನರು ಏನಾಯಿತು ಎನ್ನುವಂತೆ ನನ್ನನ್ನೇ ನೋಡುತ್ತಿದ್ದರು.

“ಇಲ್ಲ ಅಣ್ಣ. ನಾನ್ ಅಲ್ಲಿರ್ಲಿಲ್ಲ,” ಎಂದೆ. ಅವನು ಮತ್ತೆ ನಗುವ ಮೊದಲೇ, “ಈ ವರ್ಷ ಕಾಯಿ ಕಳಿಸ್ಬೇಡ,” ಎಂದು ಫೋನಿಟ್ಟೆ. ಯಜಮಾನರು ಒಂದೂ ಪ್ರಶ್ನೆ ಕೇಳದೆ ಒಳಗೆ ಹೋಗಿ ಉಪ್ಪಿಟ್ಟು ಮಾಡಿಕೊಂಡು ಬಂದರು. ಖಂಡಿತವಾಗಿಯೂ ಉಪ್ಪಿಟ್ಟು.

ಮುಂದಿನ ವಾರ ಒಬ್ಬಳೇ ಹೋಗಿ ಸಿನಿಮಾ ಇನ್ನೊಮ್ಮೆ ನೋಡಿದೆ. ಈ ಸಲ ಅತ್ತೆಯ ಕಡೆ ನೋಡಲೇ ಇಲ್ಲ, ಹುಡುಗಿಯನ್ನೇ ನೋಡಿದೆ. ಕೊನೆಗೆ ಅವಳು ಓಡಿಬಂದು ಖಟ್ಟೆಂದು ಚಿಲಕ ಹಾಕಿಕೊಂಡಾಗ ಥಿಯೇಟರ್ ತುಂಬ ಶಿಳ್ಳೆ ಎದ್ದಿತು, ಹಾಡು ಸಿಡಿಯಿತು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಯೂನಿಫಾರ್ಮಿನಲ್ಲೇ ಬಂದು ಕೂತಿದ್ದ ಕಾಲೇಜು ಹುಡುಗಿಯೊಬ್ಬಳ ಕಿವಿಯ ಹತ್ತಿರ ಬಾಗಿ, ಆ ಚಿಲಕ ನಮ್ಮ ಮನೆಯದು ಗೊತ್ತಾ ಎಂದೆ. ಅವಳು ಪರದೆಯಿಂದ ಕಣ್ಣು ಕೀಳದೆ, “ಸರ್ಯಾಗ್ ನೆನಪಿದ್ಯಾ ಆಂಟಿ?” ಎಂದಳು.

ಇದೆ ಎಂದೆ. ಸಿಟ್ಟಿನಲ್ಲಿ ಸ್ವಲ್ಪ ಜೋರಾಗಿಯೇ ಕೂಗಿದೆನೆಂದು ಕಾಣುತ್ತದೆ, ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಬಹುಶಃ.